ದೆಹಲಿಗೆ ಎರಡೂಮುಕ್ಕಾಲು ಗಂಟೆ

ಮೊನ್ನೆ ಬಸವನಗುಡಿಯ ನಮ್ಮ ಹಳೆಯ ಆಫೀಸಿಗೆ ಹೋಗಿದ್ದೆ. ನಾನು ಕೂರುತ್ತಿದ್ದ ಜಾಗದಲ್ಲಿ ಈಗ ಕೂತಿರುವ ಹುಡುಗಿ ಫೋನಿನಲ್ಲಿ ಯಾರಿಗೋ, "ಒಂದೇ ಗಂಟೆ ಸಾರ್, ಕಣ್ ಮುಚ್ಚಿ ಬಿಡೋದ್ರೊಳಗೆ ಚೆನ್ನೈ" ಅನ್ನುತ್ತಿದ್ದಳು. ನಿವೃತ್ತಳಾಗಿ ಎರಡು ವರ್ಷವಾದರೂ ಇಂಥ ಮಾತು ಕೇಳಿದರೆ ಆಗುವ ಸಂಕಟ ನನಗಿನ್ನೂ ಹೋಗಿಲ್ಲ. ಅವಳು ಫೋನಿಟ್ಟ ಮೇಲೆ, "ಮನೆ ಬಿಡೋದು ಎಷ್ಟೊತ್ತಿಗೆ ಅಂತ ಹೇಳಿದ್ಯೇನಮ್ಮಾ?" ಎಂದು ಕೇಳಿದೆ. "ಅದೆಲ್ಲಾ ಆಪ್‌ನಲ್ಲೇ ಬರುತ್ತೆ ಆಂಟಿ" ಅಂದಳು. ಬರುತ್ತೆ, ಇಲ್ಲ ಅನ್ನುವುದಿಲ್ಲ. ಆಪಿನಲ್ಲಿ ಬರದೇ ಇರುವುದೂ ಕೆಲವಿದೆ. ಅವಳಿಗೂ ಅವಳಂತೆ ಈ ಕೆಲಸಕ್ಕೆ ಬರುವ ಉಳಿದವರಿಗೂ ಅದನ್ನು ಹೇಳಬೇಕು ಅಂತಲೇ ಬರೆಯಲು ಕೂತಿದ್ದೇನೆ.

ನಾನು ಗಿರಿಜಾ, ಚಾಮರಾಜಪೇಟೆಯವಳು. ಅಪ್ಪ ಅಮ್ಮ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದರು. ನಾನು ಒಂದೇ ಟ್ರಾವೆಲ್ ಏಜೆನ್ಸಿಯಲ್ಲಿ ಮೂವತ್ತನಾಲ್ಕು ವರ್ಷ ವಿಮಾನದ ಟಿಕೆಟ್ ಮಾಡಿದೆ. ಬಡ್ತಿ, ಸಂಬಳದ ಕಥೆ ಬರೆಯುವುದಿಲ್ಲ, ಬರೆಯುವಂಥದ್ದು ಏನೂ ಆಗಲಿಲ್ಲ. ಬರೆಯಲೇಬೇಕಾದದ್ದು ಒಂದು ಶುಕ್ರವಾರದ ವಿಷಯ. ಆಕ್ಸಿಜನ್ ಮೆಷಿನ್ ಇಲ್ಲದೆ ಉಸಿರಾಡಲಾಗದ ಒಬ್ಬ ಹೆಂಗಸು ದೆಹಲಿಗೆ ಹೊರಟಿದ್ದರು. ಅವರ ಕೈಯಲ್ಲಿ ಒಂದು ಬ್ಯಾಟರಿ ಕಡಿಮೆ ಇದೆ ಅಂತ ಗೊತ್ತಿದ್ದೂ ನಾನು ಫೋನಿನಲ್ಲಿ "ಹೋಗಿ" ಅಂದುಬಿಟ್ಟೆ. ಯಾಕೆ ಹಾಗೆ ಅಂದೆ ಅನ್ನುವುದು ತಿಳಿಯಬೇಕಾದರೆ ನಮ್ಮ ಕೆಲಸ ಹೇಗಿತ್ತು ಅನ್ನುವುದನ್ನು ಸ್ವಲ್ಪ ಹೇಳಬೇಕು.

ನಾನು ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ನಮ್ಮ ಯಜಮಾನರನ್ನು ಎಲ್ಲರೂ ರಾಯರು ಅನ್ನುತ್ತಿದ್ದರು. ಅವರ ಹಿಂದಿನ ಗೋಡೆಯ ಮೇಲೆ ಒಂದು ದೊಡ್ಡ ಭೂಪಟ, ಪಕ್ಕದಲ್ಲಿ ಮೊಳೆಗೆ ನೇತುಹಾಕಿದ ಒಂದು ದಾರ. ದಾರದ ಮೇಲೆ ಅಷ್ಟಷ್ಟು ದೂರಕ್ಕೆ ಮಸಿಯ ಗುರುತು. ಗಿರಾಕಿ ಬಂದು "ಕಲ್ಕತ್ತಾಗೆ ಎಷ್ಟೊತ್ತಾಗುತ್ತೆ ರಾಯರೇ?" ಅಂದರೆ ಎದ್ದು ಹೋಗಿ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದನ್ನು ಕಲ್ಕತ್ತೆಗೆ ಎಳೆದು ಗುರುತು ಎಣಿಸುತ್ತಿದ್ದರು. "ಇಷ್ಟು ಹಾರೋದಕ್ಕೆ. ಏರೋದು ಇಳಿಯೋದು ಅಂತ ಇನ್ನೊಂದು ಅರ್ಧ ಗಂಟೆ ಇಟ್ಕೊಳಿ." ದಪ್ಪನೆಯ ವೇಳಾಪಟ್ಟಿ ಪುಸ್ತಕ ಮೇಜಿನ ಮೇಲೇ ಇರುತ್ತಿತ್ತು. ಅದನ್ನು ನೋಡಿ ಹೇಳಬಹುದಿತ್ತು. ಆದರೆ ದಾರ ಎಳೆದು ಹೇಳಿದರೇ ಗಿರಾಕಿಗೆ ನಂಬಿಕೆ.

ನನ್ನ ಮೊದಲ ಎಡವಟ್ಟು ಆಗಿದ್ದು ಆ ಪುಸ್ತಕದಿಂದಲೇ. ಬಟ್ಟೆ ವ್ಯಾಪಾರಿಯೊಬ್ಬರು ತಾಯಿಯನ್ನು ದುಬೈಗೆ ಕರೆದುಕೊಂಡು ಹೊರಟಿದ್ದರು. ಆಕೆ ಮಡಿ, ವಿಮಾನದಲ್ಲಿ ಹನಿ ನೀರೂ ಮುಟ್ಟುವವರಲ್ಲ. ಜೊತೆಗೆ ಸಕ್ಕರೆ ಕಾಯಿಲೆ. "ಎಷ್ಟು ಗಂಟೆ ದಾರಿ?" ಅಂದರು. ಪುಸ್ತಕದಲ್ಲಿ ಹೊರಡುವುದು ಹತ್ತಕ್ಕೆ, ಸೇರುವುದು ಹನ್ನೆರಡೂವರೆಗೆ ಅಂತಿತ್ತು. ನಾನು ಜಾಣೆ ಅಂದುಕೊಂಡು ಕಳೆದು, "ಎರಡೂವರೆ ಗಂಟೆ" ಅಂದೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ ಅನ್ನುವುದು ತಲೆಗೇ ಹೊಳೆಯಲಿಲ್ಲ. ಆಕೆ ಇಳಿಯುವ ಹೊತ್ತಿಗೆ ಕಣ್ಣು ಕತ್ತಲೆ ಬಂದು ಮಗನ ಮೇಲೆ ಒರಗಿದ್ದರಂತೆ. ಆತ ವಾಪಸು ಬಂದವರೇ ನೇರ ನಮ್ಮಲ್ಲಿಗೆ ಬಂದು ಬಾಯಿಗೆ ಬಂದಂತೆ ಬೈದರು. ಅವರು ಹೋದ ಮೇಲೆ ರಾಯರು, "ನೀನು ಮಾಡಿದ್ದು ಗಡಿಯಾರದ ಲೆಕ್ಕ ಕಣಮ್ಮಾ. ಹೊಟ್ಟೆಗೆ ಗಡಿಯಾರ ಗೊತ್ತಾಗುತ್ತಾ?" ಅಂದರು. ನಾನು ಬಚ್ಚಲಿಗೆ ಹೋಗಿ ಅತ್ತೆ. ಅವತ್ತಿನಿಂದ ಯಾರಿಗೆ ಗಂಟೆ ಹೇಳಿದರೂ ರಾತ್ರಿ ಮನೆಗೆ ಹೋಗಿ ಇನ್ನೊಮ್ಮೆ ಎಣಿಸುವ ಚಾಳಿ ಅಂಟಿಕೊಂಡಿತು.

ಆಮೇಲೆ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಯಿತು. ಮದ್ರಾಸು ಇದ್ದಲ್ಲೇ ಇತ್ತು, ಬಸವನಗುಡಿಯೂ ಇದ್ದಲ್ಲೇ ಇತ್ತು, ನಡುವಿನ ದಾರಿ ಮಾತ್ರ ಉದ್ದವಾಯಿತು. ಮುನ್ನೂರು ಕಿಲೋಮೀಟರಿನೊಳಗಿನ ಮದ್ರಾಸಿಗೆ ಹಾರಲು ಒಂದು ಗಂಟೆಯಾದರೆ, ಗಾಂಧಿ ಬಜಾರಿನಿಂದ ವಿಮಾನದ ಬಾಗಿಲಿಗೆ ಮೂರು ಗಂಟೆ. ದಾರಿಯಲ್ಲಿ ಹೆಬ್ಬಾಳದ ಟ್ರಾಫಿಕ್ಕಿಗೆ ಸಿಕ್ಕಿ ಕಾರೊಳಗೆ ಕೂತು ನನಗೆ ಫೋನ್ ಮಾಡಿ ಕೂಗಾಡಿದವರು ಎಷ್ಟು ಜನವೋ. "ಮೇಡಂ, ನೀವು ಒಂದು ಗಂಟೆ ಅಂದಿದ್ರಿ!" ಅಂತ. ಅಂದಿದ್ದೆ ನಿಜ, ಆದರೆ ಅದು ಆಕಾಶದ ಒಂದು ಗಂಟೆ.

ಅದರಿಂದ ಇನ್ನೊಂದು ತೊಡಕೂ ಬಂತು, ರಾಹುಕಾಲದ್ದು. ನಮ್ಮ ಕಡೆಯ ಗಿರಾಕಿಗಳು ಟಿಕೆಟ್ ದರ ಕೇಳುವ ಮೊದಲು ರಾಹುಕಾಲ ಕೇಳುತ್ತಾರೆ. ಅದನ್ನು ನೋಡಬೇಕಾದದ್ದು ಮನೆ ಬಿಡುವಾಗಲೋ, ವಿಮಾನ ನೆಲ ಬಿಡುವಾಗಲೋ? ಈ ವಿಚಾರದಲ್ಲಿ ಗಂಡ ಹೆಂಡತಿ ನನ್ನ ಮೇಜಿನ ಮುಂದೆಯೇ ಜಗಳವಾಡಿದ್ದುಂಟು. ರಾಯರದು ಒಂದೇ ತೀರ್ಪು. "ಹೊಸಿಲು ದಾಟೋದಕ್ಕೆ ನೋಡಿ. ಮೇಲಕ್ಕೆ ಹೋದ್ಮೇಲೆ ಪೈಲಟ್ ನೋಡ್ಕೋತಾನೆ." ಹೊಸಿಲು ದಾಟುವ ಹೊತ್ತು ರಾಹುಕಾಲದಲ್ಲೇ ಬಿದ್ದರೆ ಪ್ರಸ್ಥಾನ ಇಡುವುದು. ಅಂದರೆ, ಒಳ್ಳೆಯ ಹೊತ್ತಿನಲ್ಲಿ ಪ್ರಯಾಣದ ಒಂದು ಬ್ಯಾಗನ್ನು ಪಕ್ಕದ ಮನೆಯಲ್ಲೋ ಎದುರುಮನೆಯಲ್ಲೋ ಇಟ್ಟುಬರುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಆಮೇಲೆ ಯಾವಾಗ ಬೇಕಾದರೂ ಹೊರಟು ಬ್ಯಾಗ್ ಎತ್ತಿಕೊಂಡು ಹೋಗಬಹುದು. ಈ ಉಪಾಯವನ್ನು ನಾನು ನೂರಾರು ಜನಕ್ಕೆ ಹೇಳಿಕೊಟ್ಟಿದ್ದೇನೆ. ಕಂಪ್ಯೂಟರಿನ ಅಂಚಿಗೆ ರಾಹುಕಾಲದ ಚೀಟಿ ಅಂಟಿಸಿಕೊಂಡಿದ್ದೆ.

ಈಗ ಪದ್ಮಾವತಿ ಟೀಚರ್ ವಿಷಯ. ಚಾಮರಾಜಪೇಟೆಯ ಶಾಲೆಯಲ್ಲಿ ನನಗೆ ಲೆಕ್ಕ ಹೇಳಿಕೊಟ್ಟವರು ಅವರು. ಬೆಳಗ್ಗೆ ಮಾರ್ಕೆಟ್ಟಿನಲ್ಲಿ ಅಮ್ಮನಿಗೆ ಸೊಪ್ಪು ಕಟ್ಟಿಕೊಟ್ಟು ನಾನು ದಿನಾ ತಡವಾಗಿ ಓಡಿಬರುತ್ತಿದ್ದೆ. ಬೇರೆ ಟೀಚರುಗಳು ಹೊರಗೆ ನಿಲ್ಲಿಸುತ್ತಿದ್ದರು. ಇವರು ಸೀಮೆಸುಣ್ಣ ಕೈಗೆ ಕೊಟ್ಟು, "ಮಾರ್ಕೆಟ್ಟಿಂದ ಇಲ್ಲಿಗೆ ಎಷ್ಟು ದೂರ? ಎಷ್ಟು ಜೋರಾಗಿ ನಡೀತೀಯ? ಎಷ್ಟೊತ್ತಿಗೆ ಹೊರಡ್ಬೇಕಿತ್ತು? ಮಾಡಿ ತೋರ್ಸು, ಒಳಗೆ ಬಾ" ಅನ್ನುತ್ತಿದ್ದರು. ದೂರ, ವೇಗ, ಕಾಲ. ನನಗೆ ಅನ್ನ ಕೊಟ್ಟ ಲೆಕ್ಕ ಅವರಿಂದ ಬಂದದ್ದು.

ಅವರಿಗೆ ಎಪ್ಪತ್ತಾರು ದಾಟಿದ ಮೇಲೆ ಶ್ವಾಸಕೋಶ ಕೈಕೊಟ್ಟಿತು. ಮೂಗಿಗೆ ನಳಿಗೆ, ಪಕ್ಕದಲ್ಲಿ ಸಣ್ಣ ಚೀಲದಷ್ಟು ದೊಡ್ಡ ಆಕ್ಸಿಜನ್ ಮೆಷಿನ್. ಮನೆಯಲ್ಲಿದ್ದಾಗ ಕರೆಂಟಿಗೆ ಹಾಕಿಕೊಳ್ಳುವುದು, ಹೊರಗೆ ಬ್ಯಾಟರಿ. ಒಂದು ದಿನ ಶಂಕರಪುರದ ಮನೆಯಿಂದ ಆಟೋದಲ್ಲಿ ಗಂಡನ ಜೊತೆ ನಮ್ಮ ಆಫೀಸಿಗೆ ಬಂದರು. ಮೂರು ಮೆಟ್ಟಿಲು ಹತ್ತಿ ಕೂತು, ಉಸಿರು ಹಿಡಿತಕ್ಕೆ ಬರುವವರೆಗೆ ಸುಮ್ಮನಿದ್ದು, ಆಮೇಲೆ ಅಂದರು: "ಗಿರಿಜಾ, ದೆಹಲಿಗೆ ಹೋಗ್ಬೇಕು ಕಣೆ. ಅಕ್ಕ ಸೊಂಟ ಮುರ್ಕೊಂಡು ಮಲಗಿದಾಳೆ. ನನ್ನ ನೋಡ್ಬೇಕು ಅಂತಾಳೆ. ಅವಳು ಬರಕ್ಕಾಗಲ್ಲ. ನಾನೇ ಹೋಗ್ಬೇಕು."

ಗಂಡ ಶ್ರೀಕಂಠಯ್ಯನವರು ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು. ಮೆದು ಮಾತಿನ, ಬಹಳ ಸಂಕೋಚದ ಮನುಷ್ಯ. ವಿಮಾನದಲ್ಲಿ ಹೋಗಬಹುದು ಅನ್ನುವ ಡಾಕ್ಟರ ಕಾಗದ ತಂದಿದ್ದರು. "ನಂಗೆ ನಿಮಿಷದ ಲೆಕ್ಕ ಬೇಕು ಮೇಡಂ" ಅಂದರು. ಕೂತು ಬರೆದೆವು. ದೆಹಲಿ ಆಕಾಶದಲ್ಲಿ ಸುಮಾರು ಸಾವಿರದ ಏಳುನೂರು ಕಿಲೋಮೀಟರು, ಎರಡೂಮುಕ್ಕಾಲು ಗಂಟೆ. ಹಾರುವ ಹೊತ್ತಿನ ಒಂದೂವರೆಯಷ್ಟು ಬ್ಯಾಟರಿ ಇರಲೇಬೇಕು ಎಂಬುದು ವಿಮಾನದವರ ನಿಯಮ. ಅವರ ಹತ್ತಿರ ಎರಡು ಬ್ಯಾಟರಿ ಇತ್ತು, ಒಂದೊಂದೂ ಮೂರು ಗಂಟೆ ಬರುತ್ತದೆ ಅಂತ ಕಾಗದದಲ್ಲಿ. ನಿಯಮಕ್ಕೆ ಸಾಕು. ನನಗೆ ಸಾಕೆನಿಸಲಿಲ್ಲ. "ಮೂರನೇದು ತಗೊಳ್ದೆ ನಾನು ಟಿಕೆಟ್ ಮಾಡಲ್ಲ ಟೀಚರ್" ಎಂದು ಹಟ ಹಿಡಿದೆ. ಅವರು ಇದೇ ಕಾಯಿಲೆಯ ಯಾರನ್ನೋ ಹುಡುಕಿ ಮೂರನೆಯದನ್ನು ಕೇಳಿ ತಂದರು.

ಶುಕ್ರವಾರ ಮಧ್ಯಾಹ್ನ ಎರಡೂಕಾಲಿನ ವಿಮಾನ. ಮನೆ ಬಿಡಬೇಕಾದ್ದು ಹತ್ತೂಮುಕ್ಕಾಲಿಗೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಶ್ರೀಕಂಠಯ್ಯನವರು ಅದನ್ನೆಲ್ಲ ಲೆಕ್ಕಕ್ಕೆ ಇಟ್ಟುಕೊಂಡವರಲ್ಲ. ಟೀಚರ್ ಮಾತ್ರ ಮುಖ ಸಪ್ಪಗೆ ಮಾಡಿಕೊಂಡರು.

"ನೀವು ಲೆಕ್ಕದ ಟೀಚರ್ ಅಲ್ವಾ?" ಎಂದು ರೇಗಿಸಿದೆ.

"ಲೆಕ್ಕ ಬೇರೆ, ಇದು ಬೇರೆ ಕಣೆ" ಅಂದರು.

"ಹಾಗಾದ್ರೆ ಪ್ರಸ್ಥಾನ ಇಟ್ಬಿಡಿ. ಹತ್ತು ಗಂಟೆಯೊಳಗೆ ಎದುರುಮನೇಲಿ ಒಂದು ಬ್ಯಾಗ್ ಕೊಟ್ಬಿಡಿ."

"ಬ್ಯಾಗಲ್ಲಿ ಏನು ಹಾಕ್ಲಿ?"

"ದಾರಿಗೆ ಯಾವುದು ಬೇಕೇ ಬೇಕೋ ಅದನ್ನೇ ಹಾಕ್ಬೇಕು ಅಂತ ನಮ್ಮಮ್ಮ ಹೇಳ್ತಿದ್ರು."

ನನ್ನ ಬಾಯಿಗೆ ಬೆಂಕಿ ಹಾಕ. ಆ ಮಾತು ಯಾಕಾದರೂ ಆಡಿದೆನೋ!

ಆ ಶುಕ್ರವಾರ ಮಧ್ಯಾಹ್ನ ಹನ್ನೆರಡೂಕಾಲಿಗೆ ಆಫೀಸಿಗೆ ಒಂದು ಫೋನ್ ಬಂತು. ಟೀಚರ ಎದುರುಮನೆಯ ವಿಮಲಾ ಅಂತ. "ಮೇಡಂ, ಬ್ಯಾಗ್ ಮೇಲೆ ನಿಮ್ಮ ಆಫೀಸಿನ ಚೀಟಿ ಇದೆ, ಅದಕ್ಕೆ ಮಾಡ್ದೆ. ಟೀಚರ್ ಪ್ರಸ್ಥಾನಕ್ಕೆ ಇಟ್ಟಿದ್ದು ಇಲ್ಲೇ ಇದೆ. ಅಂಕಲ್ ಫೋನ್ ಎತ್ತಾ ಇಲ್ಲ."

"ಏನಿದೆ ನೋಡಿಮ್ಮಾ ಅದರೊಳಗೆ" ಅಂದೆ.

ಜಿಪ್ ಎಳೆಯುವ ಸದ್ದು. "ಒಂದು ಸ್ವೆಟರು, ವಿಭೂತಿ ಪೊಟ್ಟಣ, ಆಮೇಲೆ ಕಪ್ಪಗೆ ಇಟ್ಟಿಗೆ ಥರ ಒಂದು ಇದೆ, ಭಾರವಾಗಿದೆ."

ಅದು ಮೂರನೆಯ ಬ್ಯಾಟರಿ. ಉಸಿರಿಗಿಂತ ದಾರಿಗೆ ಬೇಕಾದದ್ದು ಇನ್ನೇನಿದೆ ಅಂತ ಟೀಚರ್ ಅದನ್ನೇ ಇಟ್ಟಿದ್ದರು. ಆಮೇಲೆ ತಿಳಿಯಿತು, ಮನೆ ಮುಂದಿನ ರಸ್ತೆಯನ್ನು ಪೈಪಿಗಾಗಿ ಅಗೆದಿದ್ದರಿಂದ ಕ್ಯಾಬ್ ಡ್ರೈವರು ಹಿಂದಿನ ಬೀದಿಯಲ್ಲಿ ನಿಂತಿದ್ದ. ಇವರು ಹಿತ್ತಲ ಬಾಗಿಲಿನಿಂದ ಹೊರಟಿದ್ದರು. ಎದುರುಮನೆಯ ಮುಂದೆ ಹಾಯಲೇ ಇಲ್ಲ.

ಶ್ರೀಕಂಠಯ್ಯನವರು ನನ್ನ ಮೂರನೆಯ ಕರೆಗೆ ಸಿಕ್ಕರು. ಆಗಲೇ ನಿಲ್ದಾಣದ ಒಳಗಿದ್ದರು, ಬೋರ್ಡಿಂಗ್ ಪಾಸ್ ಆಗಿತ್ತು. ಕಾರಿನಲ್ಲಿ ಒಂದು ಬ್ಯಾಟರಿ ಅರ್ಧ ಖರ್ಚಾಗಿತ್ತು, ಅದನ್ನು ಅಲ್ಲಿನ ಪ್ಲಗ್ಗಿಗೆ ಹಾಕಿ ಕೂತಿದ್ದರಂತೆ.

"ಅಯ್ಯೋ ದೇವ್ರೇ, ಎದುರುಮನೇಲೇ ಉಳೀತಾ!" ಅಂದರು. ಆಮೇಲೆ ದನಿ ತಗ್ಗಿಸಿ, "ಅವಳಿಗೆ ಕೇಳಿಸ್ಬಾರ್ದು... ಮೇಡಂ, ಇಲ್ಲಿ ಎರಡು ಬ್ಯಾಟರಿಯಿಂದ ಐದು ಗಂಟೆ ಸಿಗುತ್ತೆ. ನಿಯಮಕ್ಕೆ ಸಾಕು. ನೀವೇ ಹೇಳಿ, ಹೋಗ್ಬಹುದಾ?"

ವಿಮಲಾ ಕೈಯಿಂದ ಬ್ಯಾಗ್ ಇಸಿದುಕೊಂಡು ಒಂದು ಬೈಕಿನಲ್ಲಿ ಕಳಿಸಬಹುದಿತ್ತು. ಹೆಬ್ಬಾಳ ದಾಟಿ ಒಂದೂವರೆಗೆ ಮುಟ್ಟುತ್ತಿತ್ತೋ ಇಲ್ಲವೋ. ಮುಟ್ಟಲ್ಲ ಅಂತ ನಾನೇ ಮನಸ್ಸಿನಲ್ಲಿ ಲೆಕ್ಕ ಹಾಕಿ ಬಿಟ್ಟುಬಿಟ್ಟೆ. ಪ್ರಯತ್ನವನ್ನೂ ಮಾಡಲಿಲ್ಲ. ಟಿಕೆಟ್ ರದ್ದು ಮಾಡಿಸಿ ವಾಪಸು ಬನ್ನಿ ಅನ್ನಬಹುದಿತ್ತು. ಆದರೆ ಟೀಚರು ಡಾಕ್ಟರ ಕಾಗದಕ್ಕಾಗಿ ಎರಡು ತಿಂಗಳು ಅಲೆದಿದ್ದರು, ಇನ್ನೊಂದು ಸಲ ಆ ದೇಹ ಹೊರಡುತ್ತದೆ ಅನ್ನುವ ಧೈರ್ಯ ನನಗಿರಲಿಲ್ಲ. ಐದು ಗಂಟೆಯಲ್ಲಿ ಎರಡೂಮುಕ್ಕಾಲು ಹೋದರೆ ಎರಡೂಕಾಲು ಉಳಿಯುತ್ತದೆ. ಕಳೆಯುವುದು ಸುಲಭ.

"ಹೋಗಿ ಸಾರ್" ಅಂದೆ.

ವಿಮಾನದ ಬಾಗಿಲು ಸರಿಯಾದ ಹೊತ್ತಿಗೇ ಮುಚ್ಚಿತು. ನಾನು ಫೋನಿನಲ್ಲಿ ವಿಮಾನದ ಚಲನೆ ತೋರಿಸುವ ಆಪ್ ತೆರೆದು ಮೇಜಿನ ಮೇಲಿಟ್ಟುಕೊಂಡೆ. ಎರಡೂಕಾಲಾಯಿತು, ಎರಡೂವರೆಯಾಯಿತು, ಪುಟ್ಟ ಹಳದಿ ವಿಮಾನ ಇದ್ದಲ್ಲೇ ಇತ್ತು. ಎರಡೂಮುಕ್ಕಾಲಿಗೆ ಹೊರಟಿತು. ಅರ್ಧ ಗಂಟೆ ಅಲ್ಲೇ ಹೋಯಿತು. ಪರವಾಗಿಲ್ಲ, ಒಂದೂಮುಕ್ಕಾಲು ಉಳಿದಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಬಂದ ಗಿರಾಕಿಗೆ ಮೈಸೂರಿನ ಬದಲು ಮಂಗಳೂರಿನ ದರ ಹೇಳಿದೆ.

ಐದೂಕಾಲಿಗೆ ದೆಹಲಿ ಹತ್ತಿರ ಬಂತು. ಇಳಿಯಲಿಲ್ಲ, ಸುತ್ತತೊಡಗಿತು. ಮೇ ತಿಂಗಳು. ದೆಹಲಿಯ ಇನ್ನೊಬ್ಬ ಏಜೆಂಟಿಗೆ ಫೋನ್ ಮಾಡಿದರೆ, ಧೂಳಿನ ಬಿರುಗಾಳಿ ಎದ್ದಿದೆ, ಕಿಟಕಿಯಾಚೆ ಏನೂ ಕಾಣುತ್ತಿಲ್ಲ ಅಂದ. ಪರದೆಯ ಮೇಲೆ ವಿಮಾನ ಒಂದು ಸುತ್ತು, ಎರಡು, ಮೂರು ಹಾಕಿತು. ಐದೂಮುಕ್ಕಾಲು ದಾಟಿದ ಮೇಲೆ ಅದು ಮೂತಿ ತಿರುಗಿಸಿಕೊಂಡು ಜೈಪುರದ ಕಡೆ ಹೊರಟಿತು. ಇಳಿದು, ಎಣ್ಣೆ ತುಂಬಿಸಿಕೊಂಡು, ಮತ್ತೆ ಹಾರಿ... ಎಷ್ಟೇ ಕೂಡಿದರೂ ಐದು ಗಂಟೆಯೊಳಗೆ ಬರಲಿಲ್ಲ.

ರಾಯರಿಗೆ ಆಗ ಎಂಬತ್ತು. ಸಂಜೆ ಸುಮ್ಮನೆ ಬಂದು ಕೂರುತ್ತಿದ್ದರು. ನನ್ನ ಮುಖ ನೋಡಿ, "ಏನಮ್ಮಾ?" ಅಂದರು. ಎಲ್ಲ ಹೇಳಿದೆ.

"ಹೋಗಿ ಅಂತ ನೀನು ಅಂದ್ಯಾ?"

"ಹೂಂ ಸಾರ್."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಎದ್ದು ಹೋಗಿ ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆಸಿ, ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತರು.

ಆರೂವರೆಗೆ ಫೋನ್. ಜೈಪುರದಿಂದ ಶ್ರೀಕಂಠಯ್ಯನವರು. "ಮೇಡಂ, ಎರಡರಲ್ಲಿ ಒಂದು ಬ್ಯಾಟರಿ ಹಳೇದು, ಅದು ಅರ್ಧಕ್ಕೇ ಹೋಯ್ತು. ಎರಡನೇದಕ್ಕೂ ಕೆಂಪು ದೀಪ ಬಂತು. ಮೆಷಿನ್‌ನಲ್ಲಿ ಆಕ್ಸಿಜನ್ ಎರಡರ ಮೇಲಿದ್ದಿದ್ದನ್ನ ಒಂದಕ್ಕೆ ಇಳಿಸಿದೀನಿ. ತುಟಿ ಒಂಥರಾ ಆಗಿದೆ ಅವಳಿಗೆ. ಕೆಳಗಿಳಿಯಕ್ಕೂ ಬಿಡ್ತಿಲ್ಲ. ಇಲ್ಲಿ ಎಷ್ಟೊತ್ತು ನಿಲ್ಲಿಸ್ತಾರೆ?"

ನನಗೆ ಹೇಗೆ ಗೊತ್ತಿರಬೇಕು? "ಸಾರ್, ಅಲ್ಲಿನ ಹುಡುಗೀರಿಗೆ ಹೇಳಿದ್ರಾ? ವಿಮಾನದಲ್ಲಿ ಆಕ್ಸಿಜನ್ ಸಿಲಿಂಡರ್ ಇಟ್ಟಿರ್ತಾರೆ, ಕೇಳಿ."

"ಪಾಪ, ಅವರು ಎಲ್ರಿಗೂ ನೀರು ಕೊಡ್ತಾ ಓಡಾಡ್ತಿದಾರೆ..."

"ಸಾರ್!" ಎಂದು ಕಿರುಚಿದೆ. ಬೀದಿಯಲ್ಲಿ ಹೋಗುತ್ತಿದ್ದವರು ಬಗ್ಗಿ ನೋಡಿದರು. "ಎದ್ದು ನಿಂತ್ಕೊಳಿ! ಕೂಗಿ! ಈಗ್ಲೇ ಕೂಗಿ, ನಾನು ಕೇಳಿಸ್ಕೋಬೇಕು!"

ಎಪ್ಪತ್ತೊಂಬತ್ತು ವರ್ಷದ ಆ ಸಂಕೋಚದ ಮನುಷ್ಯ ಇಂಗ್ಲಿಷು ಕನ್ನಡ ಎರಡರಲ್ಲೂ ಕೂಗಿದ್ದು ನನಗೆ ಕೇಳಿಸಿತು. ಯಾರೋ ಓಡಿಬಂದ ಸದ್ದಾಯಿತು. ಆಮೇಲೆ ಫೋನ್ ಕಡಿದುಹೋಯಿತು.

ಎಂಟೂಕಾಲಿನವರೆಗೆ ನಾನು ಏನು ಮಾಡಿದೆ ಅಂತ ಕೇಳಬೇಡಿ. ದೇವರಿಗೆ ಹರಕೆ ಹೊತ್ತೆ, ನನ್ನನ್ನು ನಾನೇ ಬೈದುಕೊಂಡೆ. ರಾಯರು ಕಾಫಿ ತರಿಸಿದ್ದು ಹಾಗೇ ಆರಿತು. ಎಂಟೂಕಾಲಿಗೆ ಶ್ರೀಕಂಠಯ್ಯನವರ ದನಿ ಬಂತು. "ದೆಹಲೀಲಿ ಇಳಿದ್ವಿ ಮೇಡಂ. ಸಿಲಿಂಡರ್ ಕೊಟ್ರು. ಆಂಬುಲೆನ್ಸ್ ಬಂದಿದೆ. ಮಾತಾಡ್ತಿದಾಳೆ." ಕೆಂಪು ದೀಪ ಬಂದ ಮೇಲೆ ಟೀಚರ್ ಕಣ್ಣು ಮುಚ್ಚಿಕೊಂಡು, ಗಾಬರಿಯಾದರೆ ಉಸಿರು ಜಾಸ್ತಿ ಬೇಕಾಗುತ್ತದೆ ಅಂತ, ಮನಸ್ಸಿನಲ್ಲೇ ಹತ್ತೊಂಬತ್ತರ ಮಗ್ಗಿ ಹೇಳಿಕೊಳ್ಳುತ್ತಿದ್ದರಂತೆ. ನಾನು ಟೇಬಲ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಟೀಚರನ್ನು ಅಕ್ಕನ ಮನೆಗೆ ಕಳಿಸಿದರು. ಅವರು ನನ್ನ ಮೇಲೆ ಕೋಪಿಸಿಕೊಂಡಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಫೋನ್ ಮಾಡುವ ಧೈರ್ಯವೂ ನನಗೆ ಬರಲಿಲ್ಲ. ಮೂರು ವಾರವಾದ ಮೇಲೆ ಅವರೇ ಮಾಡಿದರು.

"ಅಕ್ಕ ಹೋಗ್ಬಿಟ್ಲು ಕಣೆ. ಮೊನ್ನೆಗೆ ಹದಿಮೂರು ದಿನ ಆಯ್ತು" ಅಂದರು. ಒಂದೊಂದು ಮಾತಿನ ನಡುವೆ ನಿಲ್ಲುತ್ತಿದ್ದರು. "ಕೊನೇ ನಾಲ್ಕು ದಿನ ಒಂದೇ ಮಂಚದ ಮೇಲೆ ಮಲಗಿದ್ವಿ. ಈಗ ಊರಿಗೆ ಬರ್ಬೇಕು. ರೈಲಲ್ಲಿ ಸೀಟ್ ಪಕ್ಕದಲ್ಲೇ ಪ್ಲಗ್ ಇರುತ್ತಂತೆ, ಇವರು ಅಂತಾರೆ. ಒಂದೂವರೆ ದಿನದ ದಾರಿ. ನನ್ನ ಕೈಲಿ ಆಗುತ್ತೇನೇ? ಬರ್ಬಹುದಾ?"

ಮತ್ತೆ ಅದೇ ಪ್ರಶ್ನೆ. ಆ ಮೇಜಿನ ಹಿಂದೆ ಕೂತು ಮೂವತ್ತು ವರ್ಷದ ಮೇಲೆ ನಾನು ಆಡದ ಮಾತು ಅವತ್ತು ಬಾಯಿಗೆ ಬಂತು.

"ಗೊತ್ತಿಲ್ಲ ಟೀಚರ್. ಡಾಕ್ಟರನ್ನ ಕೇಳಿ. ನಾನು ಹೇಳಲ್ಲ."

ಆ ಕಡೆಯಿಂದ ಮೆಷಿನ್ ಉಸಿರು ಬಿಡುವ ಸದ್ದು ಕೇಳುತ್ತಿತ್ತು.

"ಅವತ್ತೂ ನೀನು ಹೀಗೇ ಅಂದಿದ್ರೆ," ಅಂದರು, "ನಾನು ಅಕ್ಕನ ಮುಖ ನೋಡ್ತಿರಲಿಲ್ಲ."

ನಾನು ಮಾಡಿದ್ದು ಸರಿ ಅಂತ ಅವರು ಹೇಳಲಿಲ್ಲ, ತಪ್ಪು ಅಂತಲೂ ಹೇಳಲಿಲ್ಲ. ನಾನು ಬಾಯಿಗೆ ಸೆರಗು ಒತ್ತಿಕೊಂಡಿದ್ದೆ. ಆದರೂ ಅವರಿಗೆ ಕೇಳಿಸಿರಬೇಕು.

"ಅಳ್ಬೇಡ್ವೇ. ಡಾಕ್ಟರನ್ನ ಇವರು ಕೇಳ್ತಾರೆ. ನೀನು ಟಿಕೆಟ್ ಮಾಡು."

ಮಾಡಿದೆ. ಅವರ ವಯಸ್ಸನ್ನು ಎರಡು ಸಲ ತಪ್ಪಾಗಿ ಹೊಡೆದೆ.